ನೋಟಿಸಿಗೆ ಬರೆಯದೆ ಬಿಟ್ಟ ಉತ್ತರ

(ಚಿಂತಾಮಣಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಪೋಷಕರು, ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮೈಕ್ ಕೈಕೊಟ್ಟಾಗ ಹೇಳಿದ ಎರಡು ಜೋಕು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಗಣಿತದ ಮೇಷ್ಟ್ರು. ಇಲಾಖೆಯ ಭಾಷೆಯಲ್ಲಿ ಪಿಸಿಎಂ ಶಿಕ್ಷಕ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದವನು. ಈಗ ನಿವೃತ್ತ. ಸೇವೆಯ ಹೆಚ್ಚು ಭಾಗ ಕಳೆದದ್ದು ಇಲ್ಲಿಂದ ಚೇಳೂರಿನ ಕಡೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆ ಬಿಟ್ಟು ಸ್ವಲ್ಪ ಒಳಗೆ ಇರುವ ಒಂದು ಸಣ್ಣ ಸರ್ಕಾರಿ ಪ್ರೌಢಶಾಲೆಯಲ್ಲಿ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಮೊಬೈಲ್ ತೆಗೆದು ಅದರ ರಿಸಲ್ಟ್ ಹುಡುಕುತ್ತೀರಿ, ನನ್ನ ಮಾತು ಕೇಳುವುದಿಲ್ಲ. ಎಂಟು, ಒಂಬತ್ತು, ಹತ್ತು, ಹೀಗೆ ಮೂರೇ ತರಗತಿ. ಒಂದೊಂದರಲ್ಲಿ ಇಪ್ಪತ್ತು, ಇಪ್ಪತ್ತೈದು ಮಕ್ಕಳು.

ಒಂದು ವರ್ಷ ನಮ್ಮ ಶಾಲೆಗೆ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಬಂತು. ಶಾಲು ಹೊದಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ನನ್ನ ಫೋಟೊ ಮುಖಂಡರ ಫೋಟೊಗಳ ಕೆಳಗೆ, ಸ್ಟಾಂಪ್ ಸೈಜಿನಲ್ಲಿ ಇತ್ತು. ಇತ್ತಲ್ಲ, ಅಷ್ಟು ಸಾಕು. ಮುಂದಿನ ವರ್ಷ ಇಪ್ಪತ್ನಾಲ್ಕು ಮಕ್ಕಳಲ್ಲಿ ಏಳು ಜನ ಫೇಲಾದರು. ನೂರರಿಂದ ಎಪ್ಪತ್ತಕ್ಕೆ ಇಳಿದೆವು. ಕಾರಣ ಕೇಳಿ ನೋಟಿಸ್ ಬಂತು. ಅದೇ ಮೇಷ್ಟ್ರು, ಅದೇ ಬೋರ್ಡು, ಅದೇ ಸೀಮೆಸುಣ್ಣ. ಪಾಠ ಮಾಡಿದ ರೀತಿಯೂ ಅದೇ. ಹೋದ ವರ್ಷ ಶಾಲು ತಂದುಕೊಟ್ಟ ಕೈಗಳು ಈ ವರ್ಷ ನೋಟಿಸ್ ತಂದುಕೊಟ್ಟವು.

ನಾನು ಎಲ್ಲರೂ ಬರೆಯುವ ಸಾಲನ್ನೇ ಬರೆದೆ. ‘ಮುಂದಿನ ಸಾಲಿನಲ್ಲಿ ಫಲಿತಾಂಶ ಸುಧಾರಣೆಗೆ ಅಗತ್ಯ ಕ್ರಮ ವಹಿಸಲಾಗುವುದು.’ ಸಹಿ, ಮೊಹರು. ಆಗ ನಿಜವಾಗಿ ಬರೆಯಬೇಕಿದ್ದ ಉತ್ತರ ಬೇರೆಯೇ ಇತ್ತು. ಇವತ್ತು ಅದನ್ನು ಹೇಳೋಣ ಅಂತ ಬಂದಿದ್ದೇನೆ.

ಮೊದಲು ಲೆಕ್ಕ. ಹೆದರಬೇಡಿ, ಹುಣಸೆ ಬೀಜದ ಲೆಕ್ಕ.

ಚೌಕಾಬಾರ ಎಲ್ಲರೂ ಆಡಿದ್ದೀರಿ. ನಮ್ಮ ಕಡೆ ಅಷ್ಟಾಚೆಮ್ಮ ಅಂತಲೂ ಅನ್ನುತ್ತಾರೆ. ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಕಡೆ ಬಿಳಿ ಮಾಡಿಕೊಂಡು, ನಾಲ್ಕು ಬೀಜ ಹಾಕುತ್ತೇವೆ. ನಾಲ್ಕೂ ಬಿಳಿ ಬೀಳುವುದು ಎಷ್ಟು ಸಲ? ಎರಡೂ ಕಡೆ ಬೀಳುವ ಸಾಧ್ಯತೆ ಸಮ ಅಂತ ಇಟ್ಟುಕೊಂಡರೆ, ಹದಿನಾರಕ್ಕೆ ಒಂದು ಸಲ. ಉಜ್ಜಿದ ಬೀಜ ಅಷ್ಟು ಸಮ ಇರುವುದಿಲ್ಲ, ಹುಷಾರಾದ ಹುಡುಗಿಯರು ಅದನ್ನು ಬೇಕಾದ ಹಾಗೇ ಉಜ್ಜಿಕೊಂಡಿರುತ್ತಾರೆ, ಅದು ಬೇರೆ ವಿಷಯ. ಒಂದು ಮಧ್ಯಾಹ್ನ ಕೂತು ಆಡಿದರೆ ನಾಲ್ಕೂ ಬಿಳಿ ಹಲವು ಸಲ ಬೀಳುತ್ತದೆ. ಈಗ ನಲವತ್ತು ಬೀಜ ಹಾಕಿ. ನಲವತ್ತೂ ಬಿಳಿ ಬೀಳಲಿ ಅಂತ ಕಾದರೆ ಜನ್ಮ ಕಳೆದರೂ ಆಗುವುದಿಲ್ಲ. ಪ್ರತಿ ಸಲ ಹದಿನೇಳು, ಇಪ್ಪತ್ತು, ಇಪ್ಪತ್ಮೂರು, ಹೀಗೆ ಅರ್ಧದ ಆಚೀಚೆಯೇ ಸುತ್ತುತ್ತದೆ.

ಶಾಲೆಗೂ ಇದೇ ನಿಯಮ. ಇಪ್ಪತ್ನಾಲ್ಕು ಮಕ್ಕಳ ತರಗತಿ ಅಂದುಕೊಳ್ಳಿ. ಪ್ರತಿ ಮಗು ಪಾಸಾಗುವ ಸಾಧ್ಯತೆ ನಾಲ್ಕರಲ್ಲಿ ಮೂರು ಅಂದುಕೊಳ್ಳಿ. ಸರಾಸರಿ ಹದಿನೆಂಟು ಜನ ಪಾಸಾಗಬೇಕು, ಶೇ 75. ಆದರೆ ಏನೂ ಬದಲಾಗದೆ, ಬರೀ ಅದೃಷ್ಟದ ಆಟದಲ್ಲೇ, ಒಂದು ವರ್ಷ ಹದಿನಾಲ್ಕು ಆಗಬಹುದು, ಇನ್ನೊಂದು ವರ್ಷ ಇಪ್ಪತ್ತೆರಡು. ಅಂದರೆ ಶೇ 58ರಿಂದ ಶೇ 92ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಇದೇ ಮಕ್ಕಳು 240 ಇದ್ದರೆ? ಶೇ 70ರಿಂದ 80ರೊಳಗೆ ಬಹುತೇಕ ಎಲ್ಲಾ ವರ್ಷ ಮುಗಿಯುತ್ತದೆ. ಸಣ್ಣ ಶಾಲೆಯಲ್ಲಿ ಒಂದೊಂದು ಮಗುವಿನ ತೂಕ ಶೇ 4ಕ್ಕಿಂತ ಜಾಸ್ತಿ. ಪರೀಕ್ಷೆಯ ದಿನ ಒಬ್ಬಳಿಗೆ ಜ್ವರ, ಒಬ್ಬನ ತಾತ ತೀರಿಕೊಂಡರು, ಒಬ್ಬ ಬಸ್ ತಪ್ಪಿಸಿಕೊಂಡ. ಶೇ 12 ಹೋಯಿತು.

ಹಾಗಾಗಿ ಪ್ರತಿ ವರ್ಷ ತಾಲೂಕಿನ ಪಟ್ಟಿಯಲ್ಲಿ ಮೇಲಿನ ಹತ್ತರಲ್ಲಿ ಸಣ್ಣ ಶಾಲೆಗಳೇ ಇದ್ದರೆ ಆಶ್ಚರ್ಯ ಪಡಬೇಡಿ. ಕೆಳಗಿನ ಹತ್ತನ್ನೂ ನೋಡಿ, ಅಲ್ಲೂ ಸಣ್ಣ ಶಾಲೆಗಳೇ ಸಿಗುತ್ತವೆ. ಮುಂದಿನ ವರ್ಷ ಮೇಲಿನದು ಕೆಳಗೆ, ಕೆಳಗಿನದು ಮೇಲೆ.

ಇದರಲ್ಲಿ ನಾವಷ್ಟೇ ಮೋಸ ಹೋದವರಲ್ಲ. ಅಮೆರಿಕದಲ್ಲಿ ದೊಡ್ಡ ದೊಡ್ಡವರೇ ಹೋಗಿದ್ದಾರೆ. ಬಿಲ್ ಗೇಟ್ಸ್ ಅವರ ಪ್ರತಿಷ್ಠಾನ 2000ದ ನಂತರದ ವರ್ಷಗಳಲ್ಲಿ ಹೈಸ್ಕೂಲುಗಳನ್ನು ಸಣ್ಣದು ಮಾಡಲು ಭಾರಿ ದುಡ್ಡು ಸುರಿಯಿತು. ಒಳ್ಳೆಯ ಫಲಿತಾಂಶದ ಶಾಲೆಗಳ ಪಟ್ಟಿಯಲ್ಲಿ ಸಣ್ಣ ಶಾಲೆಗಳು ಜಾಸ್ತಿ ಕಾಣುತ್ತಿದ್ದವಲ್ಲ, ಆ ನಂಬಿಕೆಗೆ ಅದೂ ಒಂದು ಆಸರೆ. ಹೋವರ್ಡ್ ವೇನರ್ ಅನ್ನುವ ಸಂಖ್ಯಾಶಾಸ್ತ್ರಜ್ಞ ಪಟ್ಟಿಯ ಕೆಳಗಿನ ತುದಿಯನ್ನೂ ನೋಡಿ ಅಂತ ತೋರಿಸಿಕೊಟ್ಟರು. 2009ರ ವಾರ್ಷಿಕ ಪತ್ರದಲ್ಲಿ ಗೇಟ್ಸ್ ಅವರೇ ಒಪ್ಪಿಕೊಂಡರು, ದುಡ್ಡು ಹಾಕಿದ ಸಣ್ಣ ಶಾಲೆಗಳಲ್ಲಿ ಎಷ್ಟೋ ಕಡೆ ಹೇಳಿಕೊಳ್ಳುವಂಥ ಸುಧಾರಣೆ ಆಗಲಿಲ್ಲ ಅಂತ. ನಮ್ಮ ಅಷ್ಟಾಚೆಮ್ಮ ಆಡಿದ್ದಿದ್ದರೆ ಮೊದಲೇ ಗೊತ್ತಾಗುತ್ತಿತ್ತೇನೋ.

(ಇಲ್ಲಿ ಒಬ್ಬ ಯುವ ಶಿಕ್ಷಕರು ಎದ್ದು, ‘ಹಂಗಾದ್ರೆ ಎಲ್ಲಾ ಅದೃಷ್ಟನಾ ಸಾರ್? ನಾವು ರಾತ್ರಿ ತರಗತಿ ಮಾಡೋದೆಲ್ಲ ಸುಮ್ನೇನಾ?’ ಅಂತ ಕೇಳಿದರು.)

ಅಲ್ಲ. ಅದೃಷ್ಟ ಕಳೆದ ಮೇಲೂ ಉಳಿಯುವುದು ಬೇಕಾದಷ್ಟಿದೆ. ಅದಕ್ಕೇ ಬರುತ್ತಿದ್ದೇನೆ. ಆ ಬೆಂಚಿನ ಮೇಲೆ ಕೂತವರು ಯಾರು ಅನ್ನುವ ಪ್ರಶ್ನೆ ಅದು.

ಪ್ರತಿ ವರ್ಷ ನಾವು ಯುಡೈಸ್ ಮಾಹಿತಿ, ಅಂದರೆ ಸರ್ಕಾರಕ್ಕೆ ಕೊಡುವ ಶಾಲೆಯ ಅಂಕಿಅಂಶ, ತುಂಬುತ್ತೇವೆ. ಎಷ್ಟು ಹುಡುಗರು, ಎಷ್ಟು ಹುಡುಗಿಯರು, ಎಸ್‌ಸಿ ಎಷ್ಟು, ಎಸ್‌ಟಿ ಎಷ್ಟು, ಅಲ್ಪಸಂಖ್ಯಾತರು ಎಷ್ಟು, ಯಾವ ಮಾಧ್ಯಮ, ಕೊಠಡಿ ಎಷ್ಟು, ಶೌಚಾಲಯ ಎಷ್ಟು. ಸರ್ವರ್ ನಿಧಾನ ಅಂತ ರಾತ್ರಿ ಹತ್ತು ಗಂಟೆಗೆ ಕೂತು ತುಂಬಿದವರು ಇಲ್ಲಿ ಬಹಳ ಜನ ಇದ್ದೀರಿ. ರಿಸಲ್ಟ್ ಇನ್ನೊಂದು ಕಾಗದದಲ್ಲಿ ಬರುತ್ತದೆ. ನನ್ನ ಇಡೀ ಸರ್ವಿಸಿನಲ್ಲಿ ಈ ಎರಡು ಕಾಗದಗಳನ್ನು ಒಂದೇ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದ ಮೀಟಿಂಗ್ ಒಂದೂ ನನಗೆ ನೆನಪಿಲ್ಲ.

ಇಟ್ಟು ನೋಡೋಣ. ಸುಲಭದ್ದರಿಂದ ಶುರು ಮಾಡೋಣ, ಹುಡುಗರು ಮತ್ತು ಹುಡುಗಿಯರು. 2024ರ ಮೊದಲ ಪರೀಕ್ಷೆಯಲ್ಲಿ ರಾಜ್ಯದಲ್ಲಿ ಹುಡುಗಿಯರು ಶೇ 81.11 ಪಾಸು, ಹುಡುಗರು ಶೇ 65.90. ಹದಿನೈದು ಪರ್ಸೆಂಟ್ ಅಂತರ. ನಮ್ಮ ಶಾಲೆಯಲ್ಲಿ ಒಂದು ವರ್ಷ ಹದಿನಾರು ಹುಡುಗಿಯರು, ಎಂಟು ಹುಡುಗರು ಇದ್ದರೆ, ರಾಜ್ಯದ ಲೆಕ್ಕದಲ್ಲೇ ಶೇ 76 ಬರಬೇಕು. ಅದೇ ತಿರುಗುಮುರುಗಾಗಿ ಹದಿನಾರು ಹುಡುಗರು, ಎಂಟು ಹುಡುಗಿಯರು ಬಂದರೆ ಶೇ 71. ಮೇಷ್ಟ್ರು ಏನೂ ಮಾಡದೆ ಐದು ಪರ್ಸೆಂಟ್ ಕಳೆದುಕೊಂಡರು. ಇನ್ನೊಂದು ಮಾತು. ನಮ್ಮ ಊರುಗಳಲ್ಲಿ ಮಗನಿಗೆ ಕಾನ್ವೆಂಟ್ ವ್ಯಾನು, ಮಗಳಿಗೆ ಸರ್ಕಾರಿ ಶಾಲೆ ಅನ್ನುವ ಮನೆಗಳು ಇವೆ. ತಲೆ ತಗ್ಗಿಸಬೇಡಿ, ಯಾರು ಅಂತ ಹೇಳುವುದಿಲ್ಲ. ಫೀಸು ಕಟ್ಟದ ಕಡೆ ಕಳಿಸಿದ ಹುಡುಗಿಯೇ ಜಾಸ್ತಿ ಓದುತ್ತಾಳೆ. ಆದರೆ ಹತ್ತು ಮುಗಿದ ಮೇಲೆ ಕಾಲೇಜು ದೂರ ಅಂತ ನಿಲ್ಲಿಸುವುದೂ ಅವಳನ್ನೇ.

ಎರಡನೆಯದು ಮನೆ ಮಾತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ತೀನಿ, ಯಾಕೆಂದರೆ ಯಾವ ಫಾರಂನಲ್ಲೂ ನಾನು ಇದನ್ನು ಸರಿಯಾಗಿ ಹೇಳಿಕೊಳ್ಳಲು ಆಗಲಿಲ್ಲ.

ಚಿಂತಾಮಣಿಯ ಈ ಕಡೆ, ಬಾಗೇಪಲ್ಲಿ, ಅತ್ತ ಶ್ರೀನಿವಾಸಪುರ, ಮುಳಬಾಗಿಲು, ತುಮಕೂರು ಜಿಲ್ಲೆಯ ಪಾವಗಡ, ಎಲ್ಲಾ ಕಡೆ ಹಟ್ಟಿಯಲ್ಲಿ, ಹೊಲದಲ್ಲಿ, ಜಗಳದಲ್ಲಿ ತೆಲುಗೇ. 2025ರ ಜುಲೈಯಲ್ಲಿ ನಂದಿಬೆಟ್ಟದಲ್ಲಿ ಸೇರಿದ್ದ ಸಚಿವ ಸಂಪುಟ ಬಾಗೇಪಲ್ಲಿಗೆ ಭಾಗ್ಯನಗರ ಅಂತ ಹೆಸರಿಡಲು ಒಪ್ಪಿತು. ಆಯಿತು, ಒಳ್ಳೆಯದು. ಆದರೆ ಅಲ್ಲಿನ ಅಜ್ಜಿ ಮೊಮ್ಮಗನನ್ನು ‘ರಾರಾ, ಅನ್ನಂ ತಿನು’ ಅಂತಲೇ ಕರೆಯುತ್ತಾಳೆ. ಆ ಮಗು ಶಾಲೆಗೆ ಬಂದು ಕನ್ನಡ ಪ್ರಥಮ ಭಾಷೆ ಓದುತ್ತದೆ. 625 ಅಂಕದಲ್ಲಿ 125 ಅದಕ್ಕೇ. ಉಳಿದ ಐದಕ್ಕೂ ತಲಾ ನೂರು.

ತೆಲುಗು ಮಕ್ಕಳಿಗೆ ಗಣಿತದ ದೊಡ್ಡ ಪದಗಳು ಕಷ್ಟ ಅಂತ ಮೊದಲು ನಾನೂ ಅಂದುಕೊಂಡಿದ್ದೆ. ತ್ರಿಭುಜ, ಸಮೀಕರಣ, ಇವು ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದೇ. ಕಾಲಿಗೆ ಮುಳ್ಳಾಗುವುದು ಸಣ್ಣ ಪದಗಳು. ಒಂದು ಸಲ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಒಂದು ಲೆಕ್ಕ ಇತ್ತು. ಎರಡು ವೃತ್ತಗಳ ತ್ರಿಜ್ಯಗಳು ಕ್ರಮವಾಗಿ 3 ಸೆಂ.ಮೀ. ಮತ್ತು 4 ಸೆಂ.ಮೀ., ಅವುಗಳ ವಿಸ್ತೀರ್ಣಗಳ ಮೊತ್ತಕ್ಕೆ ಸಮನಾದ ವಿಸ್ತೀರ್ಣವಿರುವ ವೃತ್ತದ ತ್ರಿಜ್ಯ ಎಷ್ಟು? ತರಗತಿಯಲ್ಲಿ ಬಹಳ ಚುರುಕಾದ ಹುಡುಗಿ ಅದನ್ನು ಖಾಲಿ ಬಿಟ್ಟಿದ್ದಳು. ಆಮೇಲೆ ಕರೆದು ಕೇಳಿದೆ. ‘ಕ್ರಮವಾಗಿ ಅಂದ್ರೆ ಏನ್ ಸಾರ್? ಏನೋ ಕ್ರಮ ತಗೋಬೇಕಾ?’ ಅಂದಳು. ‘ವರುಸಗಾ ಅಮ್ಮಾ’ ಅಂದೆ. ‘ಅಯ್ಯೋ, ಅಷ್ಟೇನಾ’ ಅಂತ ಅಲ್ಲೇ ನಿಂತು ಗೋಡೆಗೆ ಒರಗಿಕೊಂಡು ಐದು ಅಂತ ಹೇಳಿದಳು. ಪೆನ್ನು ಕೂಡ ತೆಗೆಯಲಿಲ್ಲ.

ಆ ಲೆಕ್ಕಕ್ಕೆ ಅವಳಿಗೆ ಸೊನ್ನೆ ಬಂದಿತ್ತು. ಅವಳಿಗೆ ಗಣಿತ ಬರುವುದಿಲ್ಲ ಅಂತ ಆ ಸೊನ್ನೆ ಹೇಳುತ್ತಿತ್ತು. ಅವತ್ತಿನಿಂದ ನಾನು ಒಂದು ನೋಟ್‌ಬುಕ್ಕಿನಲ್ಲಿ ಇಂಥ ಪದಗಳನ್ನು ಬರೆದಿಟ್ಟುಕೊಳ್ಳಲು ಶುರು ಮಾಡಿದೆ. ಹೊರತುಪಡಿಸಿ, ಅನುಗುಣವಾಗಿ, ಪರಸ್ಪರ, ಸದರಿ. ಕನ್ನಡ ಮೇಷ್ಟ್ರು ನಕ್ಕರು, ‘ಇದು ನನ್ನ ಕೆಲಸ ಅಲ್ವೇನ್ರೀ’ ಅಂತ. ಇಬ್ಬರದ್ದೂ ಅಂದೆ. ಇವೇ ಪದಗಳು ಕನ್ನಡದ ಮನೆಯ ಮಕ್ಕಳಿಗೂ ತೊಡಕು ಅಂತ ಆಮೇಲೆ ಗೊತ್ತಾಯಿತು. ಸದರಿ ಅಂತ ಯಾರ ಮನೆಯಲ್ಲಿ ಮಾತಾಡುತ್ತಾರೆ ಹೇಳಿ?

ಮೂರನೆಯದು ಹೊಲ ಮತ್ತು ಹುಳ. ನಮ್ಮ ಹಾಜರಿ ಪುಸ್ತಕ ತಂದುಕೊಡಿ, ಯಾವ ಮಗುವಿನ ಮನೆಯಲ್ಲಿ ಯಾವ ವಾರ ರೇಷ್ಮೆ ಹುಳ ಯಾವ ಜ್ವರದಲ್ಲಿತ್ತು, ಅಂದರೆ ಪೊರೆ ಬಿಡುವ ಯಾವ ಹಂತದಲ್ಲಿತ್ತು, ಅಂತ ಹೇಳುತ್ತೇನೆ. ನಗಬೇಡಿ, ನಿಜ. ನಾಲ್ಕನೇ ಜ್ವರ ಎದ್ದ ಹುಳ ಸುಮಾರು ಒಂದು ವಾರ ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ. ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು. ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡುವ ದಿನ ಶಾಲೆಯಲ್ಲಿ ಆ ಮಗು ಇರುವುದಿಲ್ಲ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮಾರನೇ ದಿನ ಬರುತ್ತದೆ, ಕಣ್ಣು ಕೆಂಪಗೆ ಮಾಡಿಕೊಂಡು. ವರ್ಷಕ್ಕೆ ಐದಾರು ಬೆಳೆ ಅಂದರೆ ಐದಾರು ಸಲ ಹೀಗೆ. ಕಡಲೆಕಾಯಿ ಕೀಳುವ ಕಾಲ ಇನ್ನೊಂದು. ಟೊಮೆಟೊಗೆ ರೇಟು ಬಂದ ವಾರ ಮತ್ತೊಂದು. ಇದನ್ನು ‘ಪೋಷಕರ ನಿರ್ಲಕ್ಷ್ಯ’ ಅಂತ ವರದಿಯಲ್ಲಿ ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಸಾಲ ಮಾಡಿ ಮೊಟ್ಟೆ ತಂದವನಿಗೆ ಬೆಳೆ ಕೈಗೆ ಬರುವ ವಾರದಲ್ಲಿ ಮಗುವನ್ನು ಶಾಲೆಗೆ ಕಳಿಸು ಅನ್ನುವುದು ಸುಲಭ. ಸಂಬಳ ತಿಂಗಳಾ ಬರುವವನಿಗೆ ಇನ್ನೂ ಸುಲಭ.

ಇನ್ನು ಬೆಂಗಳೂರು. ಗಾರೆ ಕೆಲಸಕ್ಕೆ ಅಪ್ಪ ಅಮ್ಮ ಹೋಗಿರುತ್ತಾರೆ, ಮಗು ಅಜ್ಜಿಯ ಹತ್ತಿರ. ಪೋಷಕರ ಸಭೆಗೆ ಅಜ್ಜಿ ಬಂದು ಹೆಬ್ಬೆಟ್ಟು ಒತ್ತಿ, ಬಿಸಿಯೂಟದ ಸಾರು ಹೇಗಿದೆ ಅಂತ ರುಚಿ ನೋಡಿ ಹೋಗುತ್ತಾರೆ. ಆ ಅಜ್ಜಿಯರ ಮೇಲೆ ನನಗೆ ಬಹಳ ಗೌರವ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರ ಎಸ್‌ಸಿ ಮತ್ತು ಎಸ್‌ಟಿ ಸೇರಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ರಾಜ್ಯದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ. ಸಾಕ್ಷರತೆ ನಮ್ಮಲ್ಲಿ ಶೇ 69.76, ರಾಜ್ಯಕ್ಕೆ 75.36. ಸರ್ಕಾರಿ ಶಾಲೆಯ ಬೆಂಚಿನಲ್ಲಿ ಈ ಮನೆಗಳ ಮಕ್ಕಳ ಪಾಲು ಇನ್ನೂ ಜಾಸ್ತಿ. ಈ ಕಾಲಂ ನೋಡಿ ‘ಅವರು ಹಂಗೇ ಬಿಡಿ’ ಅನ್ನುವವರು ಇದ್ದಾರೆ. ಸ್ಟಾಫ್ ರೂಮಿನಲ್ಲೇ ಕೇಳಿದ್ದೇನೆ. ಅಂಥವರು ನನ್ನ ಈ ಲೆಕ್ಕ ಬಳಸಿಕೊಳ್ಳುವುದು ಬೇಡ. ನಾನು ಹೇಳುತ್ತಿರುವುದು ಜಮೀನು, ಸಾಲ, ಮನೆಯಲ್ಲಿ ಮೊದಲ ಸಲ ಹತ್ತನೇ ಕ್ಲಾಸಿಗೆ ಬಂದವರು, ರಾತ್ರಿ ಓದಲು ಒಂದು ಮೂಲೆ ಇದೆಯೋ ಇಲ್ಲವೋ, ಇದರ ಬಗ್ಗೆ. ಇವೆಲ್ಲ ಜಾತಿಯ ಜೊತೆ ಯಾಕೆ ಅಂಟಿಕೊಂಡು ಬರುತ್ತವೆ ಅಂತ ಇಲ್ಲಿ ಕೂತವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಜಿಲ್ಲೆಗಳ ಮಟ್ಟದಲ್ಲಿ ಇದು ಎದ್ದು ಕಾಣುತ್ತದೆ. 2024ರಲ್ಲಿ ಮೊದಲು ಬಂದದ್ದು ಉಡುಪಿ, ಶೇ 94. ಕೊನೆಗೆ ಯಾದಗಿರಿ, ಶೇ 50.59. 2011ರ ಸಾಕ್ಷರತೆ ತೆಗೆದು ನೋಡಿ. ಉಡುಪಿ 86.24, ಯಾದಗಿರಿ 51.83, ರಾಜ್ಯಕ್ಕೇ ಕೊನೆ. ಅವತ್ತು ಲೆಕ್ಕಕ್ಕೆ ಸಿಕ್ಕ ದೊಡ್ಡವರೇ ಇವತ್ತಿನ ಮಕ್ಕಳ ಅಪ್ಪ, ಅಮ್ಮ, ಅಜ್ಜ, ಅಜ್ಜಿ. ಯಾದಗಿರಿಯ ಮೇಷ್ಟ್ರು ಉಡುಪಿಯ ಮೇಷ್ಟ್ರ ಅರ್ಧದಷ್ಟೇ ಕೆಲಸ ಮಾಡುತ್ತಾರೆ ಅಂತ ಯಾರಾದರೂ ನಂಬುತ್ತೀರಾ?

ಇದನ್ನು ಅಮೆರಿಕದಲ್ಲಿ 1966ರಲ್ಲೇ ದೊಡ್ಡದಾಗಿ ಅಳೆದು ನೋಡಿದರು. ಜೇಮ್ಸ್ ಕೋಲ್ಮನ್ ಅನ್ನುವ ಸಮಾಜಶಾಸ್ತ್ರಜ್ಞರ ತಂಡ, ಸುಮಾರು 4,000 ಶಾಲೆ, ಸುಮಾರು 6 ಲಕ್ಷ ಮಕ್ಕಳು. ಕಟ್ಟಡ, ಲ್ಯಾಬು, ಖರ್ಚು ಇವುಗಳಲ್ಲಿ ವ್ಯತ್ಯಾಸ ಹುಡುಕಲು ಹೊರಟವರಿಗೆ, ಮಕ್ಕಳ ಅಂಕದ ಏರುಪೇರನ್ನು ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆ ಜಾಸ್ತಿ ವಿವರಿಸುತ್ತದೆ ಅಂತ ಕಂಡಿತು. ಜೊತೆಗೆ ಕೂತ ಮಕ್ಕಳು ಎಂಥವರು ಅನ್ನುವುದೂ ಲೆಕ್ಕಕ್ಕೆ ಬಂತು. ಇದನ್ನು ಕೇಳಿ ‘ಹಾಗಾದರೆ ಶಾಲೆಯಿಂದ ಏನೂ ಆಗುವುದಿಲ್ಲ’ ಅಂತ ಕೈ ಚೆಲ್ಲಿದವರೂ ಉಂಟು. ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು, ಒಳ್ಳೆಯ ಶಿಕ್ಷಕರಿಂದ ಹಿಂದುಳಿದ ಮಕ್ಕಳಿಗೆ ಆಗುವ ಲಾಭ ಉಳಿದವರಿಗಿಂತ ಜಾಸ್ತಿ ಅಂತ. ಮೊದಲ ಅರ್ಧ ಎಲ್ಲರಿಗೂ ನೆನಪಿರುತ್ತದೆ.

ಇನ್ನು ಜರಡಿಯ ಕಥೆ. ನಮ್ಮ ಎಂಟನೇ ತರಗತಿಗೆ ಮಗು ಬರುವ ಹೊತ್ತಿಗೆ ಎರಡು ಮೂರು ಸಲ ಜರಡಿ ಆಡಿಸಿ ಆಗಿರುತ್ತದೆ. ಆರನೇ ತರಗತಿಗೆ ನವೋದಯ, ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಎಲ್ಲಕ್ಕೂ ಪ್ರವೇಶ ಪರೀಕ್ಷೆ. ಊರಿನ ಪ್ರಾಥಮಿಕ ಶಾಲೆಯ ಮೊದಲ ಮೂರು ನಾಲ್ಕು ಮಕ್ಕಳು ಅಲ್ಲಿ ಹೋಗುತ್ತಾರೆ. ಹೋಗಲಿ, ಹೋಗಬೇಕು. ವಸತಿ ಶಾಲೆಗಳಲ್ಲಿ ಊಟ, ಹಾಸಿಗೆ, ಓದುವ ಮೂಲೆ ಎಲ್ಲಾ ಸಿಗುತ್ತದೆ. 2024ರಲ್ಲಿ ರಾಜ್ಯಕ್ಕೇ ಮೊದಲು ಬಂದ ಹುಡುಗಿ ಸರ್ಕಾರಿ ವಸತಿ ಶಾಲೆಯವಳು. ತುಮಕೂರಿನವರು ಇಲ್ಲಿದ್ದರೆ ಸಿದ್ಧಗಂಗೆಯನ್ನು ನೆನಪಿಸಿಕೊಳ್ಳಿ. ಊಟ ಮತ್ತು ಮಲಗಲು ಜಾಗ ಕೊಟ್ಟರೆ ಓದು ಎಷ್ಟು ದೂರ ಹೋಗುತ್ತದೆ ಅಂತ ಆ ಮಠ ತೋರಿಸಿದಷ್ಟು ಬೇರೆ ಯಾರೂ ತೋರಿಸಿಲ್ಲ. ಸ್ವಲ್ಪ ದುಡ್ಡಿರುವ ಮನೆಯ ಮಕ್ಕಳು ಖಾಸಗಿ ಶಾಲೆಗೆ ಹೋಗುತ್ತಾರೆ. ಉಳಿದವರು ನಮ್ಮವರು.

ಜರಡಿ ಇನ್ನೊಂದು ದಿಕ್ಕಿಗೂ ಆಡುತ್ತದೆ. ಒಂಬತ್ತನೇ ತರಗತಿ ಮುಗಿದ ಮೇಲೆ ಜೂನ್‌ನಲ್ಲಿ ಅಪ್ಪ ಒಬ್ಬ ಮಗನನ್ನು ಕರೆದುಕೊಂಡು ಬರುತ್ತಾನೆ. ಕೈಯಲ್ಲಿ ಯಾವುದೋ ಖಾಸಗಿ ಶಾಲೆಯ ಟಿಸಿ. ‘ಅಲ್ಲಿ ಬೇಡ ಅಂದ್ರು ಸಾರ್, ರಿಸಲ್ಟ್ ಹಾಳಾಗುತ್ತಂತೆ.’ ನಾವು ಬೇಡ ಅನ್ನುವ ಹಾಗಿಲ್ಲ, ಅನ್ನಲೂಬಾರದು. ಅವನು ಅಲ್ಲಿಂದ ಹೋದದ್ದಕ್ಕೆ ಅವರದ್ದು ಅರ್ಧ ಪರ್ಸೆಂಟ್ ಏರಿತು. ಇಲ್ಲಿ ಬಂದದ್ದಕ್ಕೆ ನಮ್ಮದು ನಾಲ್ಕು ಪರ್ಸೆಂಟ್ ಇಳಿಯಬಹುದು. 2024ರಲ್ಲಿ ಸರ್ಕಾರಿ ಶಾಲೆಗಳ ಫಲಿತಾಂಶ ಶೇ 72ರಷ್ಟು, ಅನುದಾನರಹಿತ ಶಾಲೆಗಳದ್ದು ಶೇ 86ರಷ್ಟು. ಆ ಹದಿನಾಲ್ಕು ಪರ್ಸೆಂಟಿನ ಒಳಗೆ ಈ ಹುಡುಗನೂ ಕೂತಿದ್ದಾನೆ.

ಅಳತೆಗೋಲೇ ಬದಲಾಗುವುದು ಇನ್ನೊಂದು ತಮಾಷೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಮುಂದಿನ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಶೇ 73.40ಕ್ಕೆ ನಿಂತಿತು. 2025ರಲ್ಲಿ ಮೊದಲ ಪರೀಕ್ಷೆಗೆ ಶೇ 66.14. ಎರಡು ವರ್ಷದಲ್ಲಿ ಕರ್ನಾಟಕದ ಮಕ್ಕಳೆಲ್ಲ ದಡ್ಡರಾದರಾ? ಕ್ಯಾಮೆರಾ ಬಂದದ್ದು ಒಳ್ಳೆಯದೇ, ನಾನು ಅದರ ಪರ. ಹಳೆಯ ಶೇ 83ರಲ್ಲಿ ಓದಿದ್ದೆಷ್ಟು, ಕಿಟಕಿಯಿಂದ ಬಂದದ್ದೆಷ್ಟು ಅಂತ ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಈಗಲೂ ಕೆಲವರು 2023ರ ಫ್ಲೆಕ್ಸಿನ ಪಕ್ಕ 2025ರ ಪಟ್ಟಿ ಹಿಡಿದು ಮೇಷ್ಟ್ರನ್ನು ಬೈಯುತ್ತಾರೆ. ಇನ್ನೊಂದು ವಿಷಯ, 2024ರಲ್ಲೂ 2025ರಲ್ಲೂ ವರ್ಷಕ್ಕೆ ಮೂರು ಪರೀಕ್ಷೆ ನಡೆದವು. ಮೊದಲನೆಯದರಲ್ಲಿ ಗಣಿತ ಹೋಗಿ, ಎರಡನೆಯದರಲ್ಲಿ ಪಾಸಾಗಿ, ಅದೇ ವರ್ಷ ಕಾಲೇಜು ಸೇರಿದ ಮಗು ಯಾವ ಫ್ಲೆಕ್ಸಿನಲ್ಲೂ ಇರುವುದಿಲ್ಲ.

ಇಂಥ ಸಭೆಗಳಲ್ಲಿ ಯಾರಾದರೂ ಎಚ್. ನರಸಿಂಹಯ್ಯನವರ ಹೆಸರು ತೆಗೆದೇ ತೆಗೆಯುತ್ತಾರೆ. ಮುಂದಿನ ಸಾಲಿನಲ್ಲಿ ಒಬ್ಬರು ತಯಾರಾಗಿ ಕೂತಿದ್ದಾರೆ, ಗೊತ್ತು. ಗೌರಿಬಿದನೂರು ತಾಲೂಕಿನ ಹೊಸೂರು, 1920, ಬಡ ಮನೆ. ನಡೆದುಕೊಂಡೇ ಬೆಂಗಳೂರಿಗೆ ಹೋಗಿ ಹೈಸ್ಕೂಲು ಸೇರಿ, ಕೊನೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ‘ನೋಡಿ, ಬಡತನ ಅಡ್ಡಿಯಲ್ಲ’ ಅನ್ನುತ್ತಾರೆ. ನನಗೆ ಎಚ್ಚೆನ್ ಅಂದರೆ ಪ್ರಾಣ. ಆದರೆ ಅವರ ಕಥೆಯನ್ನು ಅವರೇ ಹೀಗೆ ಓದಿಕೊಳ್ಳಲಿಲ್ಲ. ಓದಲು ಊರು ಬಿಟ್ಟು ನಡೆಯಬೇಕಾಯಿತು ಅನ್ನುವುದನ್ನು ಹೆಮ್ಮೆಯಾಗಿ ಇಟ್ಟುಕೊಂಡು ಸುಮ್ಮನಾಗಲಿಲ್ಲ. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳು ಬಂದವಲ್ಲ, ಅದು ಅವರ ಓದು. ಮುಂದಿನ ಹುಡುಗ ಅಷ್ಟು ದೂರ ನಡೆಯಬಾರದು ಅಂತ.

ಸಣ್ಣ ಶಾಲೆಯ ಇನ್ನೊಂದು ಕಷ್ಟ ಬೇಗ ಹೇಳಿಬಿಡುತ್ತೇನೆ. ದೊಡ್ಡ ಶಾಲೆಯಲ್ಲಿ ಗಣಿತಕ್ಕೆ ಇಬ್ಬರು ಮೂವರು ಇರುತ್ತಾರೆ. ನಮ್ಮಲ್ಲಿ ಒಬ್ಬರೇ. ಆ ಒಬ್ಬರಿಗೆ ವರ್ಗವಾದರೆ, ಹೆರಿಗೆ ರಜೆ ಬಂದರೆ, ಚುನಾವಣೆ ಕೆಲಸಕ್ಕೆ ಹಾಕಿದರೆ, ಮೂರು ತರಗತಿಗೂ ಗಣಿತ ನಿಂತಿತು. ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ದಸರಾ ರಜೆ.

ಈಗ ನಮ್ಮ ಆ ನೂರಕ್ಕೆ ನೂರರ ವಿಷಯ. ಇದನ್ನು ಹೇಳಬೇಕೋ ಬೇಡವೋ ಅಂತ ಬರುವಾಗ ಬಸ್ಸಿನಲ್ಲೂ ಯೋಚನೆ ಮಾಡುತ್ತಿದ್ದೆ.

ಆ ಬ್ಯಾಚಿನಲ್ಲಿ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಹಿಂದಿನ ಬೆಂಚು. ಓದಲು ಕಷ್ಟ, ಕೂಡುವುದು ಕಳೆಯುವುದು ಬಾಯಲ್ಲಿ ಪಟಪಟ, ಕಾಗದದ ಮೇಲೆ ಬರುವುದಿಲ್ಲ. ಕಡಲೆಕಾಯಿ ಕಾಲದಲ್ಲಿ ಶಾಲೆ ಬಿಟ್ಟ. ಮನೆ ಭೇಟಿ ಮಾಡಬೇಕು ಅಂತ ನಿಯಮ ಇದೆ. ಮೂರು ಸಲ ಹೋದೆ. ಮೂರನೇ ಸಲ ಅವನ ತಾಯಿ ‘ನಾಳೆ ಕಳಿಸ್ತೀನಿ ಸಾರ್’ ಅಂದರು. ಕಳಿಸಲಿಲ್ಲ. ನಾಲ್ಕನೇ ಸಲ ನಾನು ಹೋಗಲಿಲ್ಲ. ಕೆಲಸ ಇತ್ತು ಅಂತ ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಅವನು ಬಂದರೆ ಮುಂದಿನ ವರ್ಷ ಪಾಸಾಗುವುದಿಲ್ಲ ಅಂತ ನನ್ನ ತಲೆಯಲ್ಲಿ ಎಲ್ಲೋ ಒಂದು ಲೆಕ್ಕ ಓಡುತ್ತಿತ್ತು. ಗಣಿತದ ಮೇಷ್ಟ್ರಲ್ಲವಾ, ಲೆಕ್ಕ ತಾನಾಗಿ ಓಡುತ್ತದೆ. ನೂರಕ್ಕೆ ನೂರು ಬಂದಾಗ ಹೊದ್ದುಕೊಂಡ ಶಾಲಿನಲ್ಲಿ ಅವನ ಪಾಲೂ ಇತ್ತು. ಯಾರೂ ಅವನ ಬಗ್ಗೆ ನೋಟಿಸ್ ಕೊಡಲಿಲ್ಲ. ಏಳು ಜನ ಫೇಲಾದ ವರ್ಷ ಒಬ್ಬನೂ ಶಾಲೆ ಬಿಟ್ಟಿರಲಿಲ್ಲ. ಆ ವರ್ಷಕ್ಕೆ ನೋಟಿಸ್ ಬಂತು.

ಆಮೇಲೆ ನಾನು ಬೇರೆ ಲೆಕ್ಕ ಇಡಲು ಶುರು ಮಾಡಿದೆ. ಎಂಟನೇ ತರಗತಿಗೆ ಬಂದ ಕೂಡಲೇ, ಹಿಂದಿನ ತರಗತಿಗಳ ಪಾಠ ಎಷ್ಟು ಬರುತ್ತದೆ ಅಂತ ನೋಡಲು ಸೇತುಬಂಧದ ಪೂರ್ವ ಪರೀಕ್ಷೆ ಮಾಡುತ್ತೇವಲ್ಲ, ಅದನ್ನು ಫೈಲಿಗೆ ಹಾಕಿ ಮರೆಯುತ್ತೇವೆ. ನಾನು ಅದನ್ನು ತೆಗೆದಿಟ್ಟುಕೊಂಡೆ. ಯಾರಿಗೆ ಸಾಲ ತಂದು ಕಳೆಯುವುದು ಬರುತ್ತದೆ, ಯಾರಿಗೆ ಭಾಗಾಕಾರ, ಯಾರು ಪ್ರಶ್ನೆಯನ್ನೇ ಓದಲಾರರು. ಒಂದೊಂದು ಹೆಸರಿಗೆ ಒಂದೊಂದು ಪುಟ. ಹತ್ತನೇ ತರಗತಿ ಮುಗಿದಾಗ ಅದೇ ಪುಟದಲ್ಲಿ ಕೆಳಗೆ ಅಂಕ. ಸಾಲ ತರಲು ಬಾರದೆ ಬಂದ ಹುಡುಗಿ ಗಣಿತದಲ್ಲಿ 38 ತೆಗೆದದ್ದೂ ಅಲ್ಲಿದೆ. ಬರುವಾಗಲೇ ಎಲ್ಲಾ ಬರುತ್ತಿದ್ದ ಹುಡುಗ 60ಕ್ಕೆ ನಿಂತದ್ದೂ ಅಲ್ಲಿದೆ. ಮೊದಲನೆಯದಕ್ಕೆ ನನಗೆ ಖುಷಿ. ಎರಡನೆಯದಕ್ಕೆ ನೋಟಿಸ್ ಬಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಶೇಕಡಾ ಲೆಕ್ಕದಲ್ಲಿ ಇಬ್ಬರೂ ಪಾಸು, ಇಬ್ಬರೂ ಒಂದೊಂದು.

ಇಪ್ಪತ್ನಾಲ್ಕು ಮಕ್ಕಳಿಗೆ ಶೇಕಡಾ ಯಾಕೆ ಬೇಕು ಹೇಳಿ? ಹೆಸರು ಹೇಳಿದರೆ ಆಯಿತಲ್ಲ. ಲಕ್ಷ ಮಕ್ಕಳಿರುವ ರಾಜ್ಯಕ್ಕೆ ಶೇಕಡಾ ಬೇಕು, ಅಲ್ಲಿ ಹೆಸರು ಹೇಳಲು ಆಗುವುದಿಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ಇಪ್ಪತ್ನಾಲ್ಕು ಹೆಸರು ಓದಲು ಹತ್ತು ನಿಮಿಷ ಸಾಕು, ಟೀ ಬರುವಷ್ಟರಲ್ಲಿ ಮುಗಿಯುತ್ತದೆ. ಶಾಲೆಯ ನಡೆ ನೋಡಲೇಬೇಕು ಅಂದರೆ ಐದು ವರ್ಷದ ಮಕ್ಕಳನ್ನು ಒಟ್ಟು ಸೇರಿಸಿ ನೋಡಿ, ಆಗ ನೂರಿಪ್ಪತ್ತು ಆಗುತ್ತದೆ, ಹುಣಸೆ ಬೀಜದ ಆಟ ಸ್ವಲ್ಪ ತಗ್ಗುತ್ತದೆ. ಎಂಟನೇ ತರಗತಿಗೆ ಸೇರಿದವರಲ್ಲಿ ಎಷ್ಟು ಜನ ಹತ್ತನೇ ಪರೀಕ್ಷೆಗೆ ಕೂತರು, ಅದನ್ನೂ ಕೇಳಿ. ಆ ಪ್ರಶ್ನೆ ಆ ವರ್ಷ ಯಾರಾದರೂ ಕೇಳಿದ್ದಿದ್ದರೆ ನನಗೆ ಶಾಲು ಸಿಗುತ್ತಿರಲಿಲ್ಲ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

(ಒಬ್ಬ ತಾಯಿ, ‘ಇದೆಲ್ಲ ಸರಿ ಸಾರ್. ನಮ್ಮ ಹುಡುಗೀನ ಎಲ್ಲಿ ಸೇರಿಸ್ಲಿ ಹೇಳಿ’ ಅಂದರು.)

ಅಕ್ಕಾ, ಶಾಲೆಗೆ ಹೋಗಿ. ಫ್ಲೆಕ್ಸ್ ನೋಡಬೇಡಿ. ಗಣಿತಕ್ಕೆ, ವಿಜ್ಞಾನಕ್ಕೆ, ಇಂಗ್ಲಿಷಿಗೆ ಕಾಯಂ ಮೇಷ್ಟ್ರು ಇದ್ದಾರಾ ಅಂತ ಕೇಳಿ. ಮಧ್ಯಾಹ್ನ ಹೋಗಿ, ಊಟದ ಹೊತ್ತಿಗೆ, ಮಕ್ಕಳು ಮೇಷ್ಟ್ರ ಹತ್ತಿರ ಹೇಗೆ ಮಾತಾಡುತ್ತಾರೆ ಅಂತ ಸ್ವಲ್ಪ ಹೊತ್ತು ನಿಂತು ನೋಡಿ. ಒಂಬತ್ತನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಶಾಲೆ ಬಿಟ್ಟವರ ಹೆಸರಿನ ಮೇಲೆ ಎಳೆದ ಕೆಂಪು ಗೆರೆ ಎಷ್ಟಿವೆ ಅಂತ ಕೇಳಿ. ತೋರಿಸಲು ಹಿಂದೆ ಮುಂದೆ ನೋಡಿದರೆ ನೀವೂ ಹಿಂದೆ ಮುಂದೆ ನೋಡಿ. ಹತ್ತಿರದ್ದು ಚೆನ್ನಾಗಿದ್ದರೆ ದೂರದ್ದು ಬೇಡ. ಬಸ್ಸಿನಲ್ಲಿ ಹೋಗುವ ಎರಡು ಗಂಟೆಯಲ್ಲಿ ಅವಳು ಒಂದು ಪಾಠ ಓದುತ್ತಾಳೆ, ಇಲ್ಲಾ ಆಡುತ್ತಾಳೆ. ಎರಡೂ ಒಳ್ಳೆಯದೇ.

(ಕೊನೆಗೆ ಹಿಂದಿನ ಸಾಲಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ‘ಸಾರ್, ಆ ಹುಡುಗ ಈಗ ಏನ್ ಮಾಡ್ತಿದ್ದಾನೆ?’ ಅಂತ ಕೇಳಿದ.)

ಕಳೆದ ವರ್ಷ ಸಿಕ್ಕಿದ್ದ. ಟೊಮೆಟೊ ಲೋಡಿನ ಜೊತೆ ಟೆಂಪೊದಲ್ಲಿ ಮಾರ್ಕೆಟ್ಟಿಗೆ ಹೋಗುತ್ತಿದ್ದ, ಗಾಡಿ ನಿಲ್ಲಿಸಿ ಇಳಿದು ಬಂದ. ಎಷ್ಟು ಕ್ರೇಟು, ಎಷ್ಟು ರೇಟು, ಕಮಿಷನ್ ಎಷ್ಟು ಹೋಗುತ್ತದೆ ಅಂತ ನಾನು ಕೇಳುವ ಮೊದಲೇ ಬಾಯಲ್ಲೇ ಲೆಕ್ಕ ಹಾಕಿ ಹೇಳಿದ. ಆಮೇಲೆ, ಖಾಸಗಿಯಾಗಿ ಹತ್ತನೇ ಪರೀಕ್ಷೆ ಕಟ್ಟಲು ಏನೇನು ಬೇಕು ಅಂತ ಕೇಳಿದ. ಡ್ರೈವಿಂಗ್ ಬಿಟ್ಟು ಬೇರೆ ಏನಾದರೂ ಮಾಡಬೇಕು ಅಂತಿದ್ದ. ನಿನ್ನ ಟಿಸಿ ಇನ್ನೂ ಶಾಲೆಯ ಬೀರುವಿನಲ್ಲೇ ಇದೆ, ಒಂದು ದಿನ ಬಾ, ಇಬ್ಬರೂ ಹೋಗಿ ತರೋಣ ಅಂದೆ. ನಂಬರ್ ಕೊಟ್ಟಿದ್ದೇನೆ. ಇನ್ನೂ ಫೋನ್ ಮಾಡಿಲ್ಲ. ಈಗ ಟೊಮೆಟೊ ಸೀಸನ್ ಅಲ್ವಾ.